ಒಂದು ಮೊರಕ್ಕಾಗಿ ಓಡಿದ ಓಟ

"ಗುರುಗಳೇ, ಬಡವರಿಗೆ ಕೊಟ್ಟು ಬಂದವನು ಹೆಮ್ಮೆಪಟ್ಟರೆ ತಪ್ಪೇ?"

ಕೇಳಿದವನು ಮಠದ ಶಿಷ್ಯ ಮುರಿಗೆಪ್ಪ. ಹೊಳೆಯಾಚೆಯ ಗುಡಿಸಲುಗಳಿಗೆ ಜೋಳದ ಚೀಲ ಹೊತ್ತುಕೊಂಡು ಹೋಗಿ, ಹಂಚಿ, ಆಗತಾನೇ ಬಂದಿದ್ದ. ಬೆನ್ನು ನೋಯುತ್ತಿತ್ತು, ಮುಖ ಮಾತ್ರ ಅರಳಿತ್ತು. "ಅಲ್ಲೊಬ್ಬ ಮುದುಕ ನನಗೆಂದು ಮಜ್ಜಿಗೆ ತಂದು ಹಿಡಿದ. ಪಾಪ, ಅವರಿಗೇ ಇಲ್ಲ. ಬೇಡವೇ ಬೇಡ ಎಂದು ಬಂದುಬಿಟ್ಟೆ" ಎಂದೂ ಸೇರಿಸಿದ.

"ಹೆಮ್ಮೆಪಡು ತಮ್ಮಾ, ಬೇಡವೆಂದವರು ಯಾರು?" ಎಂದು ಗುರುಗಳು ನಕ್ಕರು. "ಆದರೆ ಕೂತುಕೋ. ಒಬ್ಬ ಟಪಾಲಿನವನ ಕತೆ ಇದೆ. ಅದನ್ನು ಕೇಳಿ ಆಮೇಲೆ ಹೆಮ್ಮೆಪಡು."

ಒಂದೂರಿನಲ್ಲಿ ಒಬ್ಬ ಟಪಾಲಿನವನಿದ್ದ. ಕಾಗದದ ಚೀಲ ಹೆಗಲಿಗೇರಿಸಿ ಊರಿಂದೂರಿಗೆ ಓಡುವುದೇ ಅವನ ಕಸುಬು. ಓಟವೆಂದರೆ ಅದೇನು ಓಟ! ಬಂದ ಎನ್ನುವಷ್ಟರಲ್ಲಿ ಹೋಗಿರುತ್ತಿದ್ದ. ಅದು ಊರಿಗೆಲ್ಲ ಗೊತ್ತಿತ್ತು. ಅವನಿಗೆ ಊರಿಗಿಂತ ಚೆನ್ನಾಗಿ ಗೊತ್ತಿತ್ತು.

ಆ ಊರಿನಲ್ಲಿ ಒಂದು ಪದ್ಧತಿ. ಯಾರಿಗಾದರೂ ಆಪತ್ತು ಬಂದರೆ ಓಟಗಾರರು ಮುಂದೆ ಬರುವರು. ಗುಡ್ಡದ ಮೇಲಿನ ಕಲ್ಲುಕಂಬ ಮುಟ್ಟಿ, ಹೊತ್ತು ಮುಳುಗುವುದರೊಳಗೆ ಊರಬಾಗಿಲಿಗೆ ಬರಬೇಕು. ಕೊಡುವವರು ಮೊದಲೇ ಇಂಥದ್ದು ಕೊಡುತ್ತೇನೆಂದು ಹೇಳಿ, ಓಟಗಾರನ ತೋಳಿಗೆ ಒಂದು ದಾರ ಕಟ್ಟುವರು. ಅವನು ಹೊತ್ತಿಗೆ ಸರಿಯಾಗಿ ಬಂದರೆ ದಾರ ಬಿಚ್ಚಿ, ಆಡಿದ್ದನ್ನು ಆಪತ್ತಿನಲ್ಲಿದ್ದವರಿಗೆ ಕೊಡುವರು. ಶ್ರೀಮಂತನಿರಲಿ, ಕೂಲಿಯವನಿರಲಿ, ದಾರ ಕಟ್ಟದ ಮನೆ ಆ ಊರಿನಲ್ಲಿರಲಿಲ್ಲ.

ಒಂದು ಬೇಸಗೆ ಮೇದರ ಕೇರಿಗೆ ಬೆಂಕಿ ಬಿತ್ತು. ಬುಟ್ಟಿ, ಮೊರ ಹೆಣೆಯುವವರ ಕೇರಿ ಅದು. ಮನೆಯೊಳಗೂ ಬಿದಿರು, ಹೊರಗೂ ಬಿದಿರು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎಲ್ಲ ಬೂದಿಯಾಯಿತು. ಜೀವ ಉಳಿಯಿತು, ಸೂರು ಉಳಿಯಲಿಲ್ಲ. ಮಕ್ಕಳುಮರಿ ಕಟ್ಟಿಕೊಂಡು ಕೇರಿಗೆ ಕೇರಿಯೇ ಹುಣಸೆಮರದ ಕೆಳಗೆ ಬಂದು ಕೂತಿತು. ಮಳೆಗಾಲ ಇನ್ನೇನು ಬಂದೇಬಿಟ್ಟಿತ್ತು.

ಟಪಾಲಿನವನು ಟೊಂಕ ಕಟ್ಟಿ ನಿಂತ. ಬೇರೆ ಕೆಲವರೂ ಓಡುತ್ತೇವೆಂದರು. ಜನ ಮುಗಿಬಿದ್ದದ್ದು ಮಾತ್ರ ಇವನ ತೋಳಿಗೆ. ವ್ಯಾಪಾರಿ ಹಣಕ್ಕೆ ಕಟ್ಟಿದ. ರೈತ ಜೋಳಕ್ಕೆ ಕಟ್ಟಿದ. ಗಾಡಿಯವನು ಒಂದು ಗಾಡಿ ಬಿದಿರಿಗೆ ಕಟ್ಟಿದ. ಮೊಣಕೈಯಿಂದ ಭುಜದವರೆಗೆ ದಾರವೇ ದಾರ. ಅವನು ಅಂಗಿಯ ತೋಳು ಮಡಚಿ, ಕೆಲಸವಿಲ್ಲದಿದ್ದರೂ ಬೀದಿಯಲ್ಲಿ ನಾಲ್ಕು ಸಲ ತಿರುಗಾಡಿದ.

ಕೊನೆಗೆ ಮೇದರ ಮುದುಕಿಯೊಬ್ಬಳು ಬಂದಳು. ಸೆರಗಿನಿಂದ ಕಿತ್ತ ದಾರ ಅವಳ ಕೈಯಲ್ಲಿತ್ತು. "ನಮ್ಮ ಕೇರಿಯದೂ ಒಂದು ಕಟ್ಟುತ್ತೇನಪ್ಪಾ. ಒಂದು ಮೊರ ಕೊಡುತ್ತೇವೆ" ಎಂದಳು.

ಟಪಾಲಿನವನು ನಕ್ಕ. ಕೆಟ್ಟ ನಗೆಯಲ್ಲ, ಮರುಕದ ನಗೆ. "ಅಯ್ಯೋ ಅಜ್ಜಿ, ನಾನು ಓಡುತ್ತಿರುವುದೇ ನಿಮಗಾಗಿ. ನಿಮ್ಮಿಂದ ತೆಗೆದುಕೊಳ್ಳುವುದೇ? ಸುಮ್ಮನೆ ನೆರಳಲ್ಲಿ ಕೂತಿರಿ. ನೀವಿದ್ದಲ್ಲಿಗೇ ತಂದು ಹಾಕುತ್ತೇನೆ."

ಮುದುಕಿ ದಾರವನ್ನು ಬೆರಳಿಗೆ ಸುತ್ತಿಕೊಂಡು ಹೋದಳು.

ಮರುದಿನ ತಮಟೆ ಬಡಿದರು, ಓಟಗಾರರು ಹೊರಟರು. ಟಪಾಲಿನವನು ಎಲ್ಲರನ್ನೂ ಹಿಂದೆ ಹಾಕಿ ಬಂದಾಗ ಹೊತ್ತು ಇನ್ನೂ ಮಾರುದ್ದ ಇತ್ತು. ಊರು ಕೇಕೆ ಹಾಕಿತು. ದಾರಗಳು ಬಿಚ್ಚಿದವು, ಗಾಡಿಗಳು ತುಂಬಿದವು. ಅವನು ಹಾರ ಹಾಕಿಕೊಂಡು ಗಾಡಿಗಳ ಮುಂದೆ ನಡೆದ. ಕಾಲು ನೆಲದ ಮೇಲಿರಲಿಲ್ಲ.

ಹುಣಸೆಮರದ ಕೆಳಗೆ ಯಾರೂ ಏಳಲಿಲ್ಲ. ಇವರು ನೋಡಿಲ್ಲವೇನೋ ಎಂದುಕೊಂಡು ಅವನು ಗಟ್ಟಿಯಾಗಿ ಕೂಗಿದ. "ಏಳಿರಪ್ಪಾ, ಇಳಿಸಿಕೊಳ್ಳಿ!"

ಮುದುಕಿ ಎದ್ದು ಬಂದಳು. "ಕುಂಬಾರರ ಮನೆಗಳು ಬಿದ್ದಾಗ ನಾವು ದಾರ ಕಟ್ಟಿದ್ದೆವು. ಅಗಸರ ಕೇರಿಗೆ ನೀರು ನುಗ್ಗಿದಾಗಲೂ ಕಟ್ಟಿದ್ದೆವು. ಈ ಸಲ ಊರೆಲ್ಲ ಕಟ್ಟಿತು, ನಮ್ಮದೊಂದನ್ನು ನೀನು ಬೇಡವೆಂದೆ. ಸೂರು ಹೋಯಿತೆಂದು ನಾವು ಊರಿನವರೇ ಅಲ್ಲವಾದೆವೇ? ನಮ್ಮ ಕೈ ಹೋಗಿಲ್ಲವಪ್ಪಾ. ಗಾಡಿ ತಿರುಗಿಸು."

ಅವಳ ಹಿಂದೆ ಕೂತಿದ್ದ ಬಾಣಂತಿ ಜೋಳದ ಚೀಲವನ್ನು ಒಮ್ಮೆ ನೋಡಿ ಮುಖ ತಿರುಗಿಸಿದಳು. ದೂರದಲ್ಲಿ ಗುಡುಗಿತು.

"ಎಂಥ ಸೊಕ್ಕು ನೋಡು ಇವರದು!" ಎಂದು ಗಾಡಿಯವನು ಗೊಣಗಿದ. ಟಪಾಲಿನವನಿಗೂ ಮೈಯೆಲ್ಲ ಉರಿಯಿತು. ಇವರಿಗಾಗಿ ಅಂಗಾಲು ಬೊಬ್ಬೆ ಬರುವಂತೆ ಓಡಿದ್ದೇನೆ, ಮೇಲೆ ಇವರ ಮಾತು ಬೇರೆ! ಅಷ್ಟರಲ್ಲಿ ಮರದ ಬುಡಕ್ಕೆ ಒರಗಿಸಿಟ್ಟ ಮೊರ ಅವನ ಕಣ್ಣಿಗೆ ಬಿತ್ತು. ಹಸಿ ಬಿದಿರಿನದು, ಹೊಸದು. ತಲೆಯ ಮೇಲೊಂದು ತಟ್ಟಿ ಕಟ್ಟಿಕೊಳ್ಳುವ ಮೊದಲು ಅವರು ಅದನ್ನು ಹೆಣೆದು ಮುಗಿಸಿದ್ದರು.

ಅವನ ಮುಖ ಪೆಚ್ಚಾಯಿತು. ಕೊರಳ ಹಾರ ತೆಗೆದು ಗಾಡಿಯ ಮೇಲಿಟ್ಟ. ಮುದುಕಿಯ ಮುಂದೆ ಹೋಗಿ ಬರಿದಾದ ತೋಳು ನೀಡಿದ.

"ತಪ್ಪಾಯಿತು ಅಜ್ಜಿ. ಕಟ್ಟು. ನಾಳೆ ಓಡುತ್ತೇನೆ."

ಗಾಡಿಗಳು ಎತ್ತು ಬಿಚ್ಚಿಕೊಂಡು ಅಲ್ಲೇ ನಿಂತವು. ಮರುದಿನ ತಮಟೆಯಿಲ್ಲ, ಹಾರವಿಲ್ಲ. ಒಂದು ಮೊರಕ್ಕೆ ಗುಡ್ಡ ಹತ್ತುತ್ತಾನಂತೆ ಎಂದು ಪೇಟೆಯಲ್ಲಿ ನಕ್ಕರು. ಹಿಂದಿನ ದಿನದ ಓಟಕ್ಕೆ ಕಾಲು ಸೆಟೆದುಕೊಂಡಿದ್ದವು. ಏರಿನಲ್ಲಿ ಕುಂಟಿದ, ಇಳಿಜಾರಿನಲ್ಲಿ ಎಡವಿ ಹೆಬ್ಬೆರಳು ಒಡೆದುಕೊಂಡ. ಸಾಕು, ಕೂತುಬಿಡೋಣ ಎನಿಸಿತು. ನಿನ್ನೆ ತೋಳು ತುಂಬ ದಾರಗಳಿದ್ದವು, ಒಂದೂ ನೆನಪಾಗಿರಲಿಲ್ಲ. ಇಂದು ಇದ್ದದ್ದು ಒಂದೇ. ಅದು ಅವನನ್ನು ಕೂರಲು ಬಿಡಲಿಲ್ಲ.

ಊರಬಾಗಿಲಲ್ಲಿ ಮೇದರ ಕೇರಿ ಪೂರ್ತಿ ಬಂದು ನಿಂತಿತ್ತು. ನಗಲೆಂದು ಬಂದ ಪೇಟೆಯವರೂ ಇದ್ದರು. ಅವನು ತಿರುವಿನಲ್ಲಿ ಕಂಡದ್ದೇ ತಡ, "ಬಂದ! ನಮ್ಮ ಓಟಗಾರ ಬಂದ!" ಎಂದು ಕೇರಿ ಕೂಗಿಕೊಂಡಿತು. ಹೊತ್ತು ಕಂತಲು ಚೂರೇ ಚೂರು ಇರುವಾಗ ಅವನು ಬಾಗಿಲು ಮುಟ್ಟಿ ಕುಸಿದು ಕೂತ.

ಮುದುಕಿ ಅವನ ಪಕ್ಕದಲ್ಲಿ ಕೂತು ದಾರ ಬಿಚ್ಚಿದಳು. ಎಲ್ಲರೂ ಅವಳ ಹಿಂದೆ ಹುಣಸೆಮರಕ್ಕೆ ನಡೆದರು. ಅವಳು ಮೊರ ಎತ್ತಿಕೊಂಡು, ತಲೆ ಎತ್ತಿ, ಮುಂದಿನ ಗಾಡಿಯ ಜೋಳದ ಚೀಲಗಳ ಮೇಲಿಟ್ಟಳು. ಊರಿಗೆಲ್ಲ ಕೇಳುವಂತೆ ಸಾರಿದಳು. "ಮೇದರ ಕೇರಿಯಿಂದ ಒಂದು ಮೊರ!"

ಆಮೇಲೆ ತನ್ನವರ ಕಡೆ ತಿರುಗಿದಳು. "ಈಗ ಇಳಿಸಿ."

ಟಪಾಲಿನವನು ಆಮೇಲೆ ಎಷ್ಟೋ ಓಟ ಗೆದ್ದ. ಅವನ್ನು ಬೇರೆಯವರು ಹೇಳಬೇಕಿತ್ತು. ಅವನು ಮಾತ್ರ ಕೊನೆಯವರೆಗೂ ಮೀಸೆ ತಿರುವಿ ಹೇಳಿಕೊಂಡದ್ದು ಒಂದೇ: "ನಾನು ಒಂದು ಮೊರಕ್ಕಾಗಿ ಓಡಿದವನು!"

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪನ ಕಣ್ಣು ಒದ್ದೆಯಾಗಿತ್ತು. "ಹೆಮ್ಮೆಯೆಂದರೆ ಅದು ಗುರುಗಳೇ!" ಎಂದ.

"ಹೌದು ತಮ್ಮಾ. ನೀನು ಬಂದುಬಿಟ್ಟ ಮೇಲೆ ಆ ಮುದುಕ ಮಜ್ಜಿಗೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದನೋ?"