ಹಾಲುಹಲ್ಲೂ ಅವಸರದ ಇಕ್ಕಳವೂ

ಏಳು ವರ್ಷದ ಇಂಚರಾಳ ಬಾಯಲ್ಲಿ ಒಂದು ಹಾಲುದವಡೆ ಹಲ್ಲಿತ್ತು. ಕೊಬ್ಬರಿ ಮಿಠಾಯಿ ಜಗಿದೂ ಜಗಿದೂ ಅದಕ್ಕೆ ತೂತು ಬಿದ್ದು, ಹುಳುಕು ಒಳಗಿನ ನರ, ರಕ್ತವಿರುವ ಜೀವಂತ ತಿರುಳಿನವರೆಗೂ ಇಳಿದಿತ್ತು. ಹಲ್ಲಿನ ವೈದ್ಯೆ ಬಾಯಿ ತೆರೆಸಿದ್ದೇ ತಡ, ತಟ್ಟೆಯಲ್ಲಿದ್ದ ಇಕ್ಕಳ ಹಲ್ಲು ಕಿಸಿಯಿತು.

“ಏನಯ್ಯಾ, ಹೇಗೂ ಉದುರೋ ಗಿರಾಕಿ ನೀನು. ಬಾ, ಒಂದೇ ಎಳೆತ!”

ಹಲ್ಲಿನ ಬೇರು ನಡುಗಿತು. ತಾನು ಹೋದರೆ ಅಕ್ಕಪಕ್ಕದವರು ವಾಲಿಕೊಂಡು ಜಾಗ ನುಂಗುತ್ತಾರೆ, ಒಸಡಿನೊಳಗೆ ಬೆಳೆಯುತ್ತಿರುವ ತಮ್ಮ, ಅಂದರೆ ಖಾಯಂ ಹಲ್ಲು, ಸೊಟ್ಟಗೆ ಹುಟ್ಟುತ್ತಾನೆ ಎಂದು ಅದಕ್ಕೆ ಗೊತ್ತಿತ್ತು.

“ನನಗೇನು ಧಾಡಿ? ಮೇಲಿನ ತಿರುಳಷ್ಟೇ ಕೆಟ್ಟಿರೋದು. ಅದನ್ನು ತೆಗೆದು ಮುಚ್ಚಿಬಿಡಿ, ಸಾಕು” ಎಂದು ಹಲ್ಲು ಜಂಬ ಕೊಚ್ಚಿಕೊಂಡಿತು.

ವೈದ್ಯೆ ಮೇಲಿನ ತಿರುಳು ತೆಗೆದು ಹತ್ತಿಯುಂಡೆ ಒತ್ತಿದಳು. ಬೇರು ಚೆನ್ನಾಗಿದ್ದರೆ ರಕ್ತ ನಿಲ್ಲಬೇಕು. ನಿಲ್ಲಲಿಲ್ಲ.

“ಅಣ್ಣಾ, ಬೇರಿನೊಳಗೂ ಕೆಟ್ಟಿದೆ. ನಾನು ಸುಳ್ಳು ಹೇಳಲಾರೆ” ಎಂದಿತು ಕೆಂಪಗಾದ ಹತ್ತಿ.

ಹಲ್ಲು ಜಂಬ ನುಂಗಿಕೊಂಡು ಬೇರು ಕೆರೆಯುವ ಸಣ್ಣ ಸೂಜಿಯನ್ನು ಕರೆಯಿತು. “ಬಾರಮ್ಮ, ತಿರುಳನ್ನೆಲ್ಲ ತೆಗೆದುಬಿಡು. ನನ್ನನ್ನು ನಿಲ್ಲೋಕೆ ಬಿಟ್ಟರೆ ಸಾಕು.”

ಇಕ್ಕಳ ಗಹಗಹಿಸಿತು. “ಒಳಗೆ ಜೀವವೇ ಇಲ್ಲದೆ ನಿಂತು ಏನು ಕಡಿದು ಕಟ್ಟೆ ಹಾಕ್ತೀಯಾ?”

“ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೀತಾರಲ್ಲ, ಆ ಟವೆಲ್‌ಗೇನು ಜೀವ ಇರುತ್ತಾ ಮಾರಾಯ?” ಎಂದಿತು ಹಲ್ಲು. “ತಮ್ಮ ಹತ್ತೋವರೆಗೂ ಸೀಟು ಬಿಡಲ್ಲ.”

ವೈದ್ಯೆ ಬೇರು ತೊಳೆದು, ಔಷಧಿ ತುಂಬಿ, ಹಲ್ಲಿನ ತಲೆಗೆ ಉಕ್ಕಿನ ಟೋಪಿ ತೊಡಿಸಿದಳು. ಇಕ್ಕಳ ಬಾಯಿ ಮುಚ್ಚಿಕೊಂಡು ಡಬ್ಬಿ ಸೇರಿತು.