ಸುತ್ತಿನ ನಡುವೆ

ಹುಲಿಯ ಸದ್ದು ಕೇಳಿದರೆ ಆನೆಗಳು ಮರಿಗಳನ್ನು ನಡುವೆ ಇಟ್ಟುಕೊಂಡು, ಹೊರಗೆ ಮುಖ ಮಾಡಿ ಸುತ್ತ ನಿಲ್ಲುವುದು ವಾಡಿಕೆ. ಒಮ್ಮೆ ಮೇಲ್ಕಾಡಿನ ಹಿಂಡೂ ಕೆಳಕಾಡಿನ ಹಿಂಡೂ ಒಂದೇ ಹೊಳೆಗೆ ನೀರು ಕುಡಿಯಲು ಬಂದಿದ್ದಾಗ ಹುಲಿ ಗರ್ಜಿಸಿತು. ಎರಡು ಹಿಂಡುಗಳೂ ಸುತ್ತು ಕಟ್ಟಿ ನಿಂತವು. ಹುಲಿ ಹಿಂದೆ ಸರಿಯಿತು.

ಆದರೆ ಕೆಳಕಾಡಿನ ಹಿರಿಯಾನೆ ಆಚೆಯವರ ಕಾಲಸಂದಿಯಲ್ಲಿ ಇಣುಕಿ ಹೌಹಾರಿತು. "ಅಕ್ಕಾ! ನಿಮ್ಮ ನಡುವೆ ಒಂದು ಮರಿಯೂ ಇಲ್ಲವಲ್ಲ! ಮತ್ತೆ ಯಾರನ್ನು ಕಾಯುತ್ತಿದ್ದೀರಿ?"

"ಗೊತ್ತಿಲ್ಲ," ಎಂದಿತು ಮೇಲ್ಕಾಡಿನ ಹಿರಿಯಾನೆ. "ನಮ್ಮಜ್ಜಿಯ ಕಾಲದಲ್ಲಿ ಮರಿಗಳಿಗೆ ಜಾಗ ಸಾಲುತ್ತಿರಲಿಲ್ಲ. ಅಮ್ಮನ ಕಾಲಕ್ಕೆ ಜಾಗ ಮಿಕ್ಕಿತು. ನಾವು ಹುಲಿ ಬರುವ ದಾರಿಯನ್ನೇ ನೋಡುತ್ತಿದ್ದೆವು, ಹಿಂದಿರುಗಿ ನೋಡಲಿಲ್ಲ."

"ಶಿವನೇ! ನಮ್ಮಲ್ಲಿ ಹಾಗಾಗಲು ಬಿಡುತ್ತೇವೆಯೇ?"

"ನೀನು ಹಿಂದಿರುಗಿ ನೋಡಿ ಎಷ್ಟು ಕಾಲವಾಯಿತು, ತಂಗೀ?"

ಕೆಳಕಾಡಿನ ಹಿರಿಯಾನೆ ತಿರುಗಿ ನೋಡಿತು. ಎತ್ತಿದ ಸೊಂಡಿಲು ಹಾಗೇ ಜೋತುಬಿತ್ತು. ಅಷ್ಟು ದೊಡ್ಡ ಸುತ್ತಿನ ನಡುವೆ ಒಂದೇ ಒಂದು ಹೆಣ್ಣುಮರಿ ನಿಂತಿತ್ತು.

"ಅಜ್ಜೀ," ಎಂದಿತು ಮರಿ, "ನಿಮಗೆಲ್ಲ ವಯಸ್ಸಾದ ಮೇಲೆ ಹುಲಿ ಬಂದರೆ, ನಿಮ್ಮೆಲ್ಲರ ಸುತ್ತ ನಾನೊಬ್ಬಳೇ ಹೇಗೆ ನಿಲ್ಲಲಿ?"