ಒಬ್ಬರೂ ಮುಟ್ಟದ ಕೋಣೆ

ಹೊಳೆದಂಡೆಯ ಮಠದಲ್ಲಿ ಅಡವಯ್ಯಜ್ಜ ಎಂಬ ಗುರುಗಳಿದ್ದರು. ಅವರಿಗೆ ಒಬ್ಬನೇ ಶಿಷ್ಯ, ರಾಚಯ್ಯ.

ರಾಚಯ್ಯನನ್ನು ಮಠಕ್ಕೆ ತಂದದ್ದು ವೈರಾಗ್ಯವೇನೂ ಅಲ್ಲ. ಅಕ್ಕನ ಮೇಲಿನ ಸಿಟ್ಟು.

ಅವನು ಇಸ್ಪೀಟಿನಂಥ ಒಂದು ಎಲೆಯಾಟ ಕಟ್ಟಿದ್ದ. ಚಿತ್ರಗಳೆಲ್ಲ ಹಳೇ ವಿಡಿಯೋ ಗೇಮಿನ ಥರ. ಚೌಕುಳಿ ಹಾಳೆಯ ಒಂದೊಂದೇ ಮನೆಗೆ ಬಣ್ಣ ತುಂಬುತ್ತ ಎರಡು ವರ್ಷ ಕಳೆದಿದ್ದ. ದೂರದಿಂದ ನೋಡಿದರೆ ಭೂತ, ಬೆಂಕಿಗುಂಡಿ, ಕತ್ತಿ ಹಿಡಿದ ವೀರ. ಹತ್ತಿರದಿಂದ ನೋಡಿದರೆ ಬರೀ ಚೌಕ.

ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ನಿಂಬೆವ್ವನಿಗೆ ಕಣ್ಣು ಮಂಜು. ಹಾಳೆಗಳನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಯಾವುದೋ ಕೆಟ್ಟುಹೋದ ಲೆಕ್ಕವೆಂದು ಒಲೆ ಹೊತ್ತಿಸಲು ಹಾಕಿಬಿಟ್ಟಳು.

ಅವನು ಮನೆ ಬಿಟ್ಟ ಮೇಲೆ ಪ್ರತಿ ಸೋಮವಾರ ದೋಣಿ ಹತ್ತಿ ಬಂದು ಮಠದ ಮೆಟ್ಟಿಲ ಮೇಲೆ ಕೂರುತ್ತಿದ್ದಳು.

"ನಿಮ್ಮಕ್ಕ ಬಂದಾಳ ತಮ್ಮಾ," ಎಂದು ಅಜ್ಜ ಒಳಗೆ ಬಂದು ಹೇಳುತ್ತಿದ್ದರು.

ಮೊದಲ ವಾರ ರಾಚಯ್ಯ, "ಕುಂದರ್ಲಿ," ಎಂದ. ಮುಂದಿನ ವಾರ ಮೌನವ್ರತವೆಂದು ಪಾಟಿಯ ಮೇಲೆ ಬರೆದು ತೋರಿಸಿದ. ಆಮೇಲೊಂದು ವಾರ, "ಅಜ್ಜಾರ, ಇದು ನಮ್ಮ ಮನಿ ಮಾತು. ನೀವು ನಡುವ ಬರಬ್ಯಾಡ್ರಿ," ಎಂದುಬಿಟ್ಟ.

ಅಂದಿನಿಂದ ಅಜ್ಜ ಆ ಮಾತು ಎತ್ತಲಿಲ್ಲ. ನಿಂಬೆವ್ವ ಬರುವುದನ್ನು ಬಿಡಲಿಲ್ಲ.

ಹನ್ನೆರಡನೆಯ ಸೋಮವಾರ ಅವಳು ಬರಲಿಲ್ಲ. ರಾಚಯ್ಯ ಎರಡು ಮೂರು ಸಲ ಹೊಳೆಯ ಕಡೆ ನೋಡಿದ. ನೀರು ನೋಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ.

"ಇಲ್ಲಿಗೆ ಬಂದ ಮ್ಯಾಲ ನೀ ಮತ್ತ ಬರದೀಯಲ್ಲ, ಆ ಎಲಿ ತಾ," ಎಂದರು ಅಜ್ಜ. "ನನಗೂ ಕಲಿಸು."

ರಾಚಯ್ಯ ಎಲೆಗಳನ್ನು ಹರಡಿದ.

"ನೆಲಮಾಳಿಗಿ ಕಟ್ಟಬೇಕ್ರಿ. ಒಂದೊಂದು ಎಲಿ ಒಂದೊಂದು ಕೋಣಿ. ಒಂದರಾಗ ಹಾವು, ಒಂದರಾಗ ಬೆಂಕಿ. ಕಟ್ಟಕಡೀ ಕೋಣ್ಯಾಗ ನಾವು ಕುಂದರೂದು."

"ಆಮ್ಯಾಲ?"

"ಹೊರಗಿಂದ ವೀರರು ಬರ್ತಾರ. ದಾರ್ಯಾಗ ಸತ್ರ ನಮಗ ಗೆಲವು. ಜೀವಂತ ನಮ್ಮ ತನಕಾ ಬಂದ್ರ ನಮಗೊಂದು ಗಾಯ. ಐದು ಗಾಯಕ್ಕ ಆಟ ಮುಗೀತು."

ರಾಚಯ್ಯ ಏಳು ಕೋಣೆ ಕಟ್ಟಿದ. ಅಜ್ಜ ಒಂದೇ ಎಲೆ ಇಟ್ಟರು. ಅದರಲ್ಲಿ ಗೋಡೆಗೆ ಒಂದು ದೀಪ, ಅಷ್ಟೇ.

ಅಜ್ಜನ ಐದೂ ಗಾಯ ಬೇಗನೆ ಆಗಿಹೋದವು.

"ಸೋತ್ರಿ ಅಜ್ಜಾರ!" ತಿಂಗಳುಗಳ ಮೇಲೆ ರಾಚಯ್ಯ ನಕ್ಕಿದ್ದ.

"ಹೌದು. ಐದು ಮಂದಿ ಬಂದ್ರು," ಎಂದರು ಅಜ್ಜ. "ನಿನ್ನ ತನಕಾ?"

"ಒಬ್ಬರೂ ಇಲ್ರಿ."

"ಒಳಗ ಕುಂತಾಂವಗ ಹೆಂಗ ಅನಸ್ತೈತಿ?"

"ಗೆದ್ದಾನಲ್ರಿ," ಎಂದ ರಾಚಯ್ಯ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ಅಷ್ಟರಲ್ಲಿ ದೋಣಿ ದಂಡೆಗೆ ತಾಗಿತು. ಅಂಬಿಗ ಸಾಬಣ್ಣ ಒಬ್ಬನೇ ಇಳಿದು ಬಂದ. ಮೆಟ್ಟಿಲ ಕೆಳಗೇ ನಿಂತು ತಲೆಯ ಟವೆಲು ತೆಗೆದ.

"ನಿಂಬೆವ್ವ ಮುಂಜಾನೆ ತೀರಿಕೊಂಡ್ಲು, ಅಜ್ಜಾರ. ವಾರದಿಂದ ಜ್ವರಾ. ನಿನ್ನಿ ಸೈತ ನನ್ನ ಕರಿಸಿ, ನಾಳಿ ಸೋಮವಾರ ಐತಿ, ದೋಣ್ಯಾಗ ನನಗ ಜಾಗಾ ಇಡು ಅಂದಿದ್ಲು. ಸಂಜಿಗೆ ಮಣ್ಣು ಮಾಡ್ತಾರ."

ರಾಚಯ್ಯ ಎದ್ದ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕುಕ್ಕರಿಸಿದ. ಚಿಕ್ಕ ಹುಡುಗನ ಹಾಗೆ ಬಾಯಿ ತೆರೆದು ಅತ್ತ.

ಅಂಥ ಸಂಕಟಕ್ಕೆ ಯಾರಾದರೂ ಒಬ್ಬರು ತಪ್ಪುಗಾರರು ಬೇಕು. ಎದುರಿಗೆ ಗುರುಗಳಿದ್ದರು.

"ನೀವು ಗುರುಗಳಲ್ಲೇನ್ರಿ? ನನಗ ತಿಳೀಲಿಲ್ಲ, ನಿಮಗ ತಿಳಿದಿತ್ತಲ್ಲ! ರಟ್ಟಿ ಹಿಡದು ಎಳದು ಆಕೀ ಮುಂದ ನಿಂದರಸಬೇಕಿತ್ತು. ನೀವ್ಯಾಕ ಸುಮ್ಮನಿದ್ರಿ?"

ಅಜ್ಜ ಕೋಲು ಊರಿ ಎದ್ದರು. ಮಣ್ಣಿಗೆ ಹೊರಡಲು ಹೆಗಲ ಮೇಲೆ ಶಲ್ಯ ಹಾಕಿಕೊಂಡರು.

"ನಾನೂ ಬಂದಿದ್ದೆ ತಮ್ಮಾ," ಎಂದರು. "ನಿನ್ನ ತನಕಾ ಮುಟ್ಟಾಕ ಆಗಲಿಲ್ಲ."